ಉಡುಪಿ ಅನ್ನಿ, ಮಂಗಳೂರು ಅನ್ನಿ: ಬಾಯಿ ಮೂಗಿನ ಕೆಲಸವನ್ನು ನೀವೇ ಪರೀಕ್ಷಿಸುವ ಬಗೆ

ಮೂಗನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಒಮ್ಮೆ "ಉಡುಪಿ" ಅನ್ನಿ. ಸಲೀಸಾಗಿ ಬರುತ್ತದೆ. ಬೆರಳು ಬಿಡದೆ ಈಗ "ಮಂಗಳೂರು" ಅನ್ನಿ. "ಬಗ್ಗಳೂರು" ಅಂದ ಹಾಗೆ ಕೇಳಿತು, ಅಲ್ವಾ? ಗಂಟಲು ಅದೇ, ನಾಲಿಗೆ ಅದೇ. ಮುಚ್ಚಿದ್ದು ಮೂಗಿನ ದಾರಿ ಒಂದೇ.

ನಾನು ಉಡುಪಿ ಕಡೆ ಮಕ್ಕಳಿಗೆ ಕಂಠಪಾಠ, ಭಾಷಣ, ಗಟ್ಟಿಯಾಗಿ ಓದುವುದು ಇದನ್ನೆಲ್ಲ ಹೇಳಿಕೊಡುತ್ತೇನೆ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ತಂದೆ ತಾಯಿ ಕೇಳುವುದು ಹೆಚ್ಚಾಗಿ ಒಂದೇ: "ಟೀಚರ್, ಗಂಟಲಿಗೆ ಎಂತ ಕೊಡುವುದು?" ಜೇಷ್ಠಮಧು, ಕಾಳುಮೆಣಸು, ಕಲ್ಲುಸಕ್ಕರೆ ಎಲ್ಲ ಮನೆಯಲ್ಲಿ ತಯಾರಿರುತ್ತದೆ. ಕೊಡಿ, ಬೇಡ ಅನ್ನುವುದಿಲ್ಲ, ಗಂಟಲಿಗೆ ಹಿತ ಅನಿಸುತ್ತದೆ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿಗೆ ತಾಗುವುದಿಲ್ಲ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಗಂಟಲಿನಲ್ಲಿ ಹುಟ್ಟುವುದು ಬರೀ ಗುಂಯ್ ಅನ್ನುವ ಸದ್ದು. ಶ್ವಾಸಕೋಶದಿಂದ ಮೇಲೆ ಬರುವ ಗಾಳಿಗೆ ಧ್ವನಿತಂತುಗಳು ಅದುರುತ್ತವೆ, ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಮಕ್ಕಳಲ್ಲಿ ಇನ್ನೂ ಜಾಸ್ತಿ. ಆ ಸದ್ದನ್ನು ಅ, ಇ, ಕ, ಮ ಎಂದು ಬೇರೆ ಬೇರೆ ಮಾಡುವುದು ಅದರ ಮೇಲಿರುವ ಬಾಯಿ ಮತ್ತು ಮೂಗು. ಹಾಗಾಗಿ ಮಾತು ಸ್ಪಷ್ಟ ಬರುತ್ತಿಲ್ಲ ಅಂದರೆ ಗಂಟಲಿಗೆ ಮದ್ದು ಹುಡುಕುವ ಮೊದಲು ಬಾಯಿ, ಮೂಗು ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಬೇಕಾದದ್ದು ಇಷ್ಟು: ಒಂದು ಚಿಕ್ಕ ಕನ್ನಡಿ, ಒಂದು ಟಾರ್ಚ್, ತೆಳು ಕಾಗದದ ಒಂದು ಪಟ್ಟಿ, ರೆಕಾರ್ಡ್ ಮಾಡಲು ಫೋನ್. ಊಟ ಆದ ಕೂಡಲೇ ಬೇಡ.

ಮೊದಲು ಮೂಗಿನ ಉಸಿರು

ಬಾಯಿ ಮುಚ್ಚಿ, ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ನಿಧಾನ ಉಸಿರು ಬಿಡಿ. ಎರಡು ಮಬ್ಬು ಗುರುತು ಕಾಣುತ್ತದೆ. ಕನ್ನಡಿಯನ್ನು ಮೊದಲು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಎಂದು ಕೆಲವರು ಹೇಳುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ನಮ್ಮ ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಫ್ರಿಜ್ಜಿನಿಂದ ತೆಗೆದ ಕನ್ನಡಿ ಗಾಳಿಯ ತೇವಕ್ಕೇ ಮಬ್ಬಾಗುತ್ತದೆ, ಉಸಿರಿನ ಗುರುತು ಯಾವುದು ಗೊತ್ತಾಗುವುದಿಲ್ಲ. ಕೋಣೆಯಲ್ಲಿಟ್ಟ ಕನ್ನಡಿಯನ್ನೇ ಒಣ ಬಟ್ಟೆಯಲ್ಲಿ ಒರೆಸಿ ಬಳಸಿ, ಸಾಕು.

ಎರಡು ಗುರುತಿನಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇರಬಹುದು. ಹೆದರಬೇಡಿ. ಮೂಗಿನ ಎರಡು ಹೊಳ್ಳೆಗಳು ಸರದಿ ಪ್ರಕಾರ ಕೆಲಸ ಮಾಡುತ್ತವೆ, ಒಂದರ ಒಳಗಿನ ಪದರ ಸ್ವಲ್ಪ ಊದಿದಾಗ ಇನ್ನೊಂದು ಸಡಿಲಾಗುತ್ತದೆ, ಕೆಲವು ಗಂಟೆ ಕಳೆದ ಮೇಲೆ ಅದಲು ಬದಲು. ಒಂದು ಮಗ್ಗುಲಿಗೆ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟಿದ ಹಾಗಾಗುವುದೂ ಸಹಜವೇ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಎರಡು ಮೂರು ದಿನ ನೋಡಿದಾಗಲೂ ಯಾವಾಗಲೂ ಒಂದೇ ಬದಿ ಕಟ್ಟಿದೆ ಅಂದರೆ ಮಾತ್ರ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ನಡುವಿನ ಗೋಡೆ ಓರೆ ಇರಬಹುದು, ಒಳಗೆ ಗಡ್ಡೆಯಂಥದ್ದು ಬೆಳೆದಿರಬಹುದು. ಚಿಕ್ಕ ಮಕ್ಕಳಾದರೆ ಮಣಿಯೋ ಕಡಲೆಯೋ ಸಿಕ್ಕಿಕೊಂಡಿರಬಹುದು, ಆಗ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತದೆ.

ಮೂಗಿನ ಒಳಗೆ ಎರಡು ಬದಿಯೂ ಮೂರು ಮೂರು ಮಡಿಕೆ ಇದೆ. ಗಾಳಿ ಆ ಮಡಿಕೆಗಳ ಮೇಲೆ ಹಾದು ಬರುವಾಗ ಬಿಸಿಯಾಗುತ್ತದೆ, ತೇವ ಹೀರಿಕೊಳ್ಳುತ್ತದೆ, ಧೂಳು ಲೋಳೆಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಣ್ಣ ರೋಮಗಳು ಆ ಲೋಳೆಯನ್ನು ಹಿಂದಕ್ಕೆ, ಗಂಟಲ ಕಡೆಗೆ ತಳ್ಳುತ್ತವೆ, ನಾವು ಗೊತ್ತಿಲ್ಲದೆ ನುಂಗುತ್ತೇವೆ. ಬಾಯಿಯಲ್ಲಿ ಉಸಿರಾಡಿದರೆ ಇದರಲ್ಲಿ ಹೆಚ್ಚಿನದು ನಡೆಯುವುದಿಲ್ಲ. ರಾತ್ರಿಯಿಡೀ ಎಸಿ ಬಸ್ಸಿನಲ್ಲಿ ಬಾಯಿ ತೆರೆದು ಮಲಗಿ ಬೆಂಗಳೂರಿಂದ ಬಂದವರ ಸ್ವರ ಬೆಳಿಗ್ಗೆ ಒಡೆದಿರುತ್ತದೆ. ಒಣ ಗಾಳಿ ನೇರ ಗಂಟಲಿಗೆ ಹೋದದ್ದೂ ಅದಕ್ಕೆ ಕಾರಣ.

ಮಾತಿನ ಉಸಿರು ಬೇರೆ

ಸುಮ್ನೆ ಕೂತಾಗ ಉಸಿರು ತೆಗೆದುಕೊಳ್ಳುವ ಹೊತ್ತು, ಬಿಡುವ ಹೊತ್ತು ಹೆಚ್ಚು ಕಡಿಮೆ ಹತ್ತಿರ ಹತ್ತಿರ. ಮಾತಾಡುವಾಗ ಹಾಗಲ್ಲ, ಗಬಕ್ಕನೆ ಎಳೆದುಕೊಂಡು ಉದ್ದಕ್ಕೆ ಬಿಡುತ್ತಾ ಹೋಗುತ್ತೇವೆ. ಮಾತಿನ ನಡುವೆ ಉಸಿರು ಹೆಚ್ಚಾಗಿ ಬಾಯಿಯಿಂದಲೇ ಒಳಗೆ ಹೋಗುತ್ತದೆ, ಅದು ಬೇಗ ಆಗುವ ದಾರಿ, ಅದರಲ್ಲಿ ತಪ್ಪಿಲ್ಲ. "ಯಾವಾಗಲೂ ಮೂಗಿನಲ್ಲೇ ಎಳೆದುಕೋ" ಎಂದು ವೇದಿಕೆ ಮೇಲಿರುವ ಮಗುವಿಗೆ ಹೇಳಿದರೆ ಅದು ಪ್ರತಿ ಸಾಲಿಗೂ ಸುಂಯ್ ಅಂತ ಸದ್ದು ಮಾಡುತ್ತದೆ, ಓಟವೂ ತಪ್ಪುತ್ತದೆ. ಪದ್ಯದ ನಡುವೆ ಉದ್ದ ನಿಲುಗಡೆ ಇದ್ದಲ್ಲಿ ಮೂಗು, ಚಿಕ್ಕ ನಿಲುಗಡೆಯಲ್ಲಿ ಬಾಯಿ.

ಒಂದು ಕೈ ಹೊಟ್ಟೆ ಮೇಲಿಟ್ಟು "ಸ್‌‌‌..." ಎಂದು ಒಂದೇ ಹದದಲ್ಲಿ ಗಾಳಿ ಬಿಡಿ. ಭುಜ ಮೇಲೆ ಏರಬಾರದು, ಶುರುವಿಗೆ ಭುಸ್ ಎಂದು ಖಾಲಿ ಆಗಬಾರದು. ಇಷ್ಟೇ. ಎಷ್ಟು ಸೆಕೆಂಡ್ ಅಂತ ಮಕ್ಕಳ ನಡುವೆ ಪಂದ್ಯ ಇಡಬೇಡಿ, ಕೊನೆಯ ಹನಿ ಗಾಳಿಯನ್ನು ಹಿಂಡಿ ತೆಗೆಯುವ ಹಟದಲ್ಲಿ ಕುತ್ತಿಗೆ ಬಿಗಿಯಾಗುತ್ತದೆ.

ಬಾಯಿಯ ನಕ್ಷೆ ಬಾಯಿಯಲ್ಲೇ ಇದೆ

ಈಗ ನಿಧಾನವಾಗಿ ಕ, ಚ, ಟ, ತ, ಪ ಅನ್ನಿ. ನಾಲಿಗೆ ಎಲ್ಲಿ ತಾಗುತ್ತದೆ ಗಮನಿಸಿ. ಕ ಹೇಳುವಾಗ ನಾಲಿಗೆಯ ಹಿಂಭಾಗ ಎದ್ದು ಮೆತ್ತನೆ ಅಂಗುಳಕ್ಕೆ ತಾಗುತ್ತದೆ. ಚ ಹೇಳುವಾಗ ನಡುಭಾಗ ಗಟ್ಟಿ ಅಂಗುಳಕ್ಕೆ. ಟ ಹೇಳುವಾಗ ತುದಿ ಮೇಲಕ್ಕೆ ಮಡಚಿ ಹಿಂದೆ ಹೋಗುತ್ತದೆ. ತ ಹೇಳುವಾಗ ತುದಿ ಮೇಲಿನ ಹಲ್ಲಿನ ಹಿಂದೆ. ಪ ಹೇಳುವಾಗ ನಾಲಿಗೆಗೆ ಕೆಲಸ ಇಲ್ಲ, ತುಟಿ ಮಾತ್ರ. ಒಂದನೇ ಕ್ಲಾಸಿನಿಂದ ಹೇಳುತ್ತಾ ಬಂದ ವರ್ಣಮಾಲೆ ಗಂಟಲ ಕಡೆಯಿಂದ ತುಟಿಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಇದನ್ನು ಮಕ್ಕಳಿಗೆ ಒಮ್ಮೆ ತೋರಿಸಿ ನೋಡಿ, ಅವರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ.

ಹೆಚ್ಚು ಕಷ್ಟ ಆಗುವುದು ನಾಲಿಗೆ ಮಡಚುವ ಸಾಲಿನಲ್ಲಿ. ಹಳ್ಳಿ ಹೋಗಿ ಹಲ್ಲಿ ಆಗುತ್ತದೆ, ಮಣೆ ಹೋಗಿ ಮನೆ ಆಗುತ್ತದೆ. "ಸರಿಯಾಗಿ ಹೇಳು" ಎಂದು ಗದರಿದರೆ ಮಗುವಿಗೆ ದಾರಿ ಸಿಗುವುದಿಲ್ಲ. ಹೀಗೆ ಮಾಡಿ. ಕನ್ನಡಿ ಮುಂದೆ ಬಾಯಿ ಅಗಲಿಸಿ, ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಲು ಹೇಳಿ. ಅಲ್ಲಿಂದ ತುದಿಯನ್ನು ಒಸಡಿನ ಮೇಲೆ ಜಾರಿಸುತ್ತಾ ಹಿಂದೆ ಹೋದರೆ ಒಂದು ದಿಣ್ಣೆ ಸಿಗುತ್ತದೆ, ದಿಣ್ಣೆ ದಾಟಿದ ಕೂಡಲೇ ನಿಲ್ಲಿಸಿ ಅಲ್ಲಿಂದಲೇ "ಳ" ಹೇಳಿಸಿ. ಮೊದಲು ಬರೀ ಳ, ಆಮೇಲೆ ಅಳ, ಇಳಿ, ಉಳು, ಆಮೇಲೆ ಬಾಳೆ, ಮಳೆ, ಹೊಳೆ. ಸಾಲು ಪೂರ್ತಿ ಓದಿಸುವುದು ಎಲ್ಲದಕ್ಕಿಂತ ಕೊನೆಗೆ. ಅವಸರ ಮಾಡಿದವರ ಮಕ್ಕಳು ಪದದಲ್ಲಿ ಸರಿ ಹೇಳಿ ಸಾಲಿನಲ್ಲಿ ಮತ್ತೆ ತಪ್ಪುತ್ತಾರೆ.

ಮಹಾಪ್ರಾಣಕ್ಕೆ ಕಾಗದದ ಪಟ್ಟಿ ಸಾಕು. ತುಟಿಯ ಮುಂದೆ ನೇತು ಹಿಡಿದು ಪ ಅಂದರೆ ಪಟ್ಟಿ ಹೆಚ್ಚು ಅಲುಗುವುದಿಲ್ಲ, ಫ ಅಂದರೆ ಎದ್ದು ಹಾರುತ್ತದೆ. ಆದರೆ ಫಲವನ್ನು ಫ್ಯಾನಿನ ಥರ ಹೇಳುವ ಅಭ್ಯಾಸ ಈಗ ಜಾಸ್ತಿ, ಕೆಳತುಟಿ ಹಲ್ಲಿಗೆ ತಾಗಿತಾ ನೋಡಿ. ಎರಡು ತುಟಿ ಕೂಡಲೇಬೇಕು.

ಸ್ವರಗಳ ವಿಷಯಕ್ಕೆ ಬಂದರೆ ನನಗೆ ತುಂಬ ಇಷ್ಟದ ಒಂದು ಪರೀಕ್ಷೆ ಇದೆ. ಧ್ವನಿ ಹಾಕದೆ, ಗುಟ್ಟು ಹೇಳುವ ಹಾಗೆ ಪಿಸುಮಾತಿನಲ್ಲಿ ಊ, ಓ, ಆ, ಏ, ಈ ಎಂದು ಸಾಲಾಗಿ ಹೇಳಿ. ಸ್ವರ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋದ ಹಾಗೆ ಕೇಳುತ್ತದೆ. ಧ್ವನಿತಂತು ಅದುರಲೇ ಇಲ್ಲವಲ್ಲ, ಮತ್ತೆ ಏರಿದ್ದು ಏನು? ನಾಲಿಗೆ ಮುಂದೆ ಬರುತ್ತಾ, ತುಟಿ ಬಿಚ್ಚುತ್ತಾ ಹೋದಂತೆ ಬಾಯೊಳಗಿನ ಖಾಲಿ ಜಾಗದ ಆಕಾರ ಬದಲಾಯಿತು, ಆ ಜಾಗ ಎತ್ತಿ ಕೊಡುವ ಸ್ವರವೂ ಬದಲಾಯಿತು. ದವಡೆ ಬಿಗಿಹಿಡಿದು, ಬಾಯಿ ತೆರೆಯದೆ ಓದುವ ಮಗುವಿಗೆ ಎಷ್ಟು ಜೋರಾಗಿ ಓದು ಅಂದರೂ ಆ ಮತ್ತು ಏ ಒಂದೇ ಥರ ಕೇಳುವುದು ಇದಕ್ಕೇ. ಅದಕ್ಕೆ ಬೇಕಾದದ್ದು ಜೋರು ಅಲ್ಲ, ಜಾಗ.

ತುಟಿಯ ಕೆಲಸ ಗೊತ್ತಾಗಬೇಕಾದರೆ ತುಳು ಬಲ್ಲವರಿಗೆ ಸುಲಭ ದಾರಿ ಉಂಟು. ತುಳುವಿನಲ್ಲಿ ಮನೆಗೆ "ಇಲ್ಲ್" ಅನ್ನುತ್ತೇವಲ್ಲ, ಅದರ ಕೊನೆಯಲ್ಲಿ ಬರುವ ಅರ್ಧ ಉಕಾರದಲ್ಲಿ ತುಟಿ ದುಂಡಗಾಗುವುದಿಲ್ಲ. ಕನ್ನಡದ "ಕಲ್ಲು" ಹೇಳಿ ನೋಡಿ, ತುಟಿ ದುಂಡಗಾಗಿ ಮುಂದೆ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹೇಳಿದರೆ ತುಟಿ ಒಂದೇ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ಕನ್ನಡಿಯಲ್ಲೇ ಕಾಣುತ್ತದೆ.

ಹಿಂದಿನ ಬಾಗಿಲು

ಇದೇ ಈ ಲೇಖನದ ಮುಖ್ಯ ಭಾಗ, ಸಮಯ ತೆಗೆದುಕೊಂಡು ಮಾಡಿ.

ಬಾಯಿ ತೆರೆದು ಟಾರ್ಚ್ ಬಿಟ್ಟು ಕನ್ನಡಿಯಲ್ಲಿ ನೋಡುತ್ತಾ "ಆ" ಅನ್ನಿ. ಕಿರುನಾಲಿಗೆ ನೇತಾಡುವ ಆ ಮೆತ್ತನೆ ಭಾಗ ಮೇಲಕ್ಕೆ ಏಳುವುದು ಕಾಣುತ್ತದೆ. ಅದು ಬಾಯಿಗೂ ಮೂಗಿಗೂ ನಡುವಿನ ಬಾಗಿಲು. ಎದ್ದಾಗ ಮೂಗಿನ ದಾರಿ ಮುಚ್ಚುತ್ತದೆ, ಗಾಳಿ ಪೂರ್ತಿ ಬಾಯಿಯಿಂದ ಬರುತ್ತದೆ. ಇಳಿದಾಗ ಮೂಗಿನ ದಾರಿ ತೆರೆಯುತ್ತದೆ. ಙ, ಞ, ಣ, ನ, ಮ ಈ ಐದಕ್ಕೆ ಮಾತ್ರ ಅದು ಚೆನ್ನಾಗಿ ತೆರೆದಿರಬೇಕು. ನುಂಗುವಾಗಲೂ ಇದೇ ಬಾಗಿಲು ಮುಚ್ಚುವುದರಿಂದ ಗಂಜಿ ಮೂಗಿಗೆ ಏರುವುದಿಲ್ಲ.

ಈಗ ನಮ್ಮ ಹೆದ್ದಾರಿಯ ಬಸ್ಸು ಹತ್ತೋಣ. ಮುಲ್ಕಿ, ಹೆಜಮಾಡಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ಈ ಊರುಗಳನ್ನು ಕಂಡಕ್ಟರ್ ಕೂಗುವ ಹಾಗೆ ಹೇಳಿ: ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ, ಉಡುಪಿ. ಒಂದರಲ್ಲೂ ಮೂಗಿನ ಅಕ್ಷರ ಇಲ್ಲ. ಇದು ನಿಮ್ಮ ಮೊದಲ ಪಟ್ಟಿ. ಎರಡನೇ ಪಟ್ಟಿ: ಮಂಗಳೂರು, ಮಂಜೇಶ್ವರ, ಬಂಟ್ವಾಳ, ಕುಂದಾಪುರ, ಅಂಬಲಪಾಡಿ. ಬರೆಯುವಾಗ ಐದರಲ್ಲೂ ಅದೇ ಸೊನ್ನೆ. ಆದರೆ ಹೇಳುವಾಗ ಗ ಮುಂದೆ ಅದು ಙ, ಜ ಮುಂದೆ ಞ, ಟ ಮುಂದೆ ಣ, ದ ಮುಂದೆ ನ, ಬ ಮುಂದೆ ಮ. ನಾಲಿಗೆ ಮುಂದಿನ ಅಕ್ಷರದ ಜಾಗಕ್ಕೆ ಮೊದಲೇ ಹೋಗಿ ಕೂತಿರುತ್ತದೆ.

ಮೊದಲ ಪಟ್ಟಿಯನ್ನು ಸಾಧಾರಣ ಹೇಳಿ, ಆಮೇಲೆ ಮೂಗು ಹಿಡಿದು ಹೇಳಿ. ಎರಡೂ ಒಂದೇ ಥರ ಕೇಳಬೇಕು. ಮೂಗು ಹಿಡಿದಾಗ ದನಿ ಬದಲಾದರೆ ಬಾಗಿಲು ಸರಿ ಮುಚ್ಚುತ್ತಿಲ್ಲ, ಬರಬಾರದ ಕಡೆ ಗಾಳಿ ಸೋರುತ್ತಿದೆ ಎಂದು ಸಂಶಯ ಪಡಬಹುದು. ಕನ್ನಡಿ ಹಿಡಿದೂ ನೋಡಬಹುದು, ಮೊದಲ ಪಟ್ಟಿಗೆ ಮಬ್ಬು ಬರಬಾರದು. ಒಂದು ಎಚ್ಚರಿಕೆ, ಹೇಳಲು ಶುರು ಮಾಡಿದ ಮೇಲೆ ಕನ್ನಡಿ ತನ್ನಿ, ಮುಗಿಸುವ ಮೊದಲೇ ತೆಗೆಯಿರಿ. ಇಲ್ಲದಿದ್ದರೆ ಮಾತು ನಿಂತ ಮೇಲೆ ಬಿಡುವ ಉಸಿರಿಗೇ ಕನ್ನಡಿ ಮಬ್ಬಾಗಿ ಸುಮ್ನೆ ಗಾಬರಿ.

ಎರಡನೇ ಪಟ್ಟಿ ಇದರ ಉಲ್ಟಾ. ಮೂಗು ಹಿಡಿದಾಗ ಅದು ಕೆಡಲೇಬೇಕು. ಮೂಗು ಹಿಡಿಯದೆಯೂ ಕೆಟ್ಟೇ ಕೇಳುತ್ತಿದ್ದರೆ, ಅಂದರೆ ಅಮ್ಮ ಅನ್ನುವುದು ಅಬ್ಬ, ನಾನು ಅನ್ನುವುದು ದಾದು ಆಗುತ್ತಿದ್ದರೆ, ಮೂಗಿನ ದಾರಿ ಎಲ್ಲೋ ಕಟ್ಟಿದೆ. ಶೀತ ಆದಾಗ ಎಲ್ಲರಿಗೂ ಹೀಗೆ. ವರ್ಷವಿಡೀ ಹೀಗೇ ಇದ್ದರೆ ಅದು ಶೀತ ಅಲ್ಲ.

ಇಲ್ಲಿ ಎಲ್ಲರೂ ಎಡವುತ್ತಾರೆ. ಸೋರುವುದಕ್ಕೂ ಕಟ್ಟುವುದಕ್ಕೂ ನಮ್ಮಲ್ಲಿ ಹೇಳುವುದು ಒಂದೇ ಮಾತು, "ಅವನು ಮೂಗಿನಲ್ಲಿ ಮಾತಾಡುತ್ತಾನೆ." ಆದರೆ ಒಂದರಲ್ಲಿ ಮೂಗಿನಿಂದ ಬರುವ ಗಾಳಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಮದ್ದೂ ಬೇರೆ. ಕಟ್ಟಿದ್ದಕ್ಕೆ ಅಲರ್ಜಿ, ಅಡಿನಾಯ್ಡ್ (ಮೂಗಿನ ಹಿಂದೆ ಇರುವ ಮೆತ್ತನೆ ಗಂಟು), ಓರೆ ಗೋಡೆ ಇವುಗಳನ್ನು ನೋಡಬೇಕು. ಸೋರುವುದಕ್ಕೆ ಅಂಗುಳವನ್ನು ನೋಡಬೇಕು. ಸೀಳು ಅಂಗುಳದ ಮಕ್ಕಳಲ್ಲಿ ಇದು ಮುಖ್ಯ ತೊಂದರೆ, ಅವರಿಗೆ ಅಂಗುಳದ ಆಪರೇಷನ್ ಸಾಮಾನ್ಯವಾಗಿ 9ರಿಂದ 18 ತಿಂಗಳ ಒಳಗೆ, ಮಾತು ಕೂಡುವ ಮೊದಲೇ ಮಾಡುತ್ತಾರೆ. ಕೆಲವೊಮ್ಮೆ ಸೀಳು ಮೇಲಿನ ಚರ್ಮದ ಅಡಿಯಲ್ಲಿ ಅಡಗಿರುತ್ತದೆ, ನೋಡಿದರೆ ಕಾಣುವುದಿಲ್ಲ. ಕಿರುನಾಲಿಗೆ ಎರಡಾಗಿ ಸೀಳಿದೆಯಾ, ಹಾಲು ಕುಡಿಯುವಾಗ ಮಗುವಿನ ಮೂಗಿನಿಂದ ಪದೇ ಪದೇ ಬರುತ್ತಿತ್ತಾ ಎಂಬುದೇ ಸುಳಿವು. ಅಂಥ ಮಗುವಿಗೆ ಅಡಿನಾಯ್ಡ್ ತೆಗೆಸುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಈ ಸುಳಿವು ಹೇಳಿ. ಅಂಗುಳ ಚಿಕ್ಕದಿದ್ದಾಗ ಅಡಿನಾಯ್ಡ್ ಆ ಸಂದನ್ನು ತುಂಬಿಕೊಂಡಿರುತ್ತದೆ, ತೆಗೆದ ಮೇಲೆ ಮಾತು ಸೋರಲು ಶುರುವಾಗಬಹುದು.

ಸೋರುವ ಮಾತಿಗೆ ಬಲೂನು ಊದಿಸುವುದು, ಪೀಪಿ ಊದಿಸುವುದು ಮಾಡಿಸುತ್ತಾರೆ. ಊದಲು ಕಲಿತ ಮಗು ಊದುವುದರಲ್ಲಿ ಗಟ್ಟಿಯಾಗುತ್ತದೆ, ಮಾತಿಗೆ ಅದು ದಾಟುವುದಿಲ್ಲ. ಮಾತು ಸರಿಯಾಗಬೇಕಾದರೆ ಅಭ್ಯಾಸವೂ ಮಾತಿನಲ್ಲೇ ನಡೆಯಬೇಕು, ಸ್ಪೀಚ್ ಥೆರಪಿಸ್ಟ್ ಹತ್ತಿರ.

ಇನ್ನೊಂದು ಮಾತು ಹೇಳಲೇಬೇಕು. ಕೊಂಕಣಿಯಲ್ಲಿ ಮೂಗಿನ ಸ್ವರಗಳು ಇವೆ, ಗಾಳಿ ಬಾಯಿ ಮೂಗು ಎರಡರಿಂದಲೂ ಬರುತ್ತದೆ. ಮನೆಯಲ್ಲಿ ಕೊಂಕಣಿ ಆಡುವ ಮಗುವಿನ ಕನ್ನಡದಲ್ಲಿ ಅದರ ನೆರಳು ಇದ್ದರೆ ಅದು ದೋಷ ಅಲ್ಲ. ದಯವಿಟ್ಟು ಅದನ್ನು ತಿದ್ದಲು ಹೋಗಬೇಡಿ, ನಕ್ಕು ನಾಚಿಸಬೇಡಿ.

ಬಾಯಿ ತೆರೆದು ಮಲಗುವ ಮಕ್ಕಳು

ರಾತ್ರಿ ಗೊರಕೆ, ದಿಂಬು ಒದ್ದೆ, ಒಡೆದ ತುಟಿ, ಎದ್ದಾಗಲೂ ಸುಸ್ತು, ಹಗಲಲ್ಲಿ ಶೀತದ ದನಿ. ಇಷ್ಟೂ ಸೇರಿದ್ದರೆ "ಅಭ್ಯಾಸ ಅದು, ಹೋಗುತ್ತದೆ" ಅಂತ ಬಿಡಬೇಡಿ. ಮೂಗಿನ ಹಿಂದೆ ಇರುವ ಅಡಿನಾಯ್ಡ್ 3ರಿಂದ 7 ವರ್ಷದ ಹೊತ್ತಿಗೆ ಹೆಚ್ಚು ದೊಡ್ಡದಿರುತ್ತದೆ, ಹದಿವಯಸ್ಸಿನಲ್ಲಿ ಕುಗ್ಗುತ್ತದೆ. ಕಾಯಬಹುದಾ, ಔಷಧಿ ಬೇಕಾ ಎಂದು ಡಾಕ್ಟರ್ ನೋಡಿ ಹೇಳಬೇಕು. ಮಲಗಿದ ಮಗುವಿನ ಒಂದು ವಿಡಿಯೋ ಸದ್ದು ಸಮೇತ ತೆಗೆದುಕೊಂಡು ಹೋಗಿ, ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆಯುತ್ತದೆಯಾ ಎಂಬುದು ಅದರಲ್ಲಿ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಬಾಯಿಗೆ ಟೇಪ್ ಅಂಟಿಸಿ ಮಲಗಿಸುವ ವಿಡಿಯೋಗಳು ಈಗ ತುಂಬ ಬರುತ್ತಿವೆ. ಮೂಗು ಕಟ್ಟಿದ ಮಗುವಿಗೆ ಅದನ್ನು ಮಾಡಲೇಬಾರದು.

ಮೂಗನ್ನು ನೋಡಿಕೊಳ್ಳುವುದು

ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಕಪಾಟಿನೊಳಗೆ, ಚಪ್ಪಲಿ ಮೇಲೆ, ಗೋಡೆ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಅಲರ್ಜಿ ಇರುವವರ ಮೂಗಿಗೆ ಇದೊಂದು ದೊಡ್ಡ ಕಾರಣ. ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸಬೇಡಿ, ಬಿಸಿಲು ಬಿದ್ದ ದಿನ ದಿಂಬು, ಹಾಸಿಗೆ ಹೊರಗೆ ಹಾಕಿ.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಒಳ್ಳೆಯದೇ. ಕಾಲು ಲೀಟರ್ ನೀರಿಗೆ ಸುಮಾರು 2 ಗ್ರಾಂ ಉಪ್ಪು, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಬಿಡಿ. ಬಾವಿ ನೀರು ಶುದ್ಧ ಇದೆ, ಕುಡಿಯುತ್ತೇವೆ, ಮೂಗಿಗೆ ಏಕೆ ಬೇಡ ಎಂದು ಕೇಳುತ್ತಾರೆ. ಸಿಹಿನೀರಿನಲ್ಲಿ ಇರಬಹುದಾದ ನೇಗ್ಲೇರಿಯಾ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ, ಮೂಗಿನಿಂದ ಏರಿದರೆ ಮಿದುಳಿಗೆ ಹೋಗುತ್ತದೆ. ಅಪರೂಪದ ಕಾಯಿಲೆ, ಆದರೆ ಬಂದವರಲ್ಲಿ ಉಳಿಯುವವರು ಕಡಿಮೆ, ಪಕ್ಕದ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜನ ಸತ್ತಿದ್ದಾರೆ.

ಕಟ್ಟಿದ ಮೂಗನ್ನು ಕ್ಷಣದಲ್ಲಿ ತೆರೆಯುವ ಡ್ರಾಪ್ಸ್ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬೇಡ, ಬಿಟ್ಟ ಕೂಡಲೇ ಮೊದಲಿಗಿಂತ ಜೋರು ಕಟ್ಟುತ್ತದೆ. ಬಾಮ್ ಹಚ್ಚಿದಾಗ ಮೂಗು ತೆರೆದ ಹಾಗೆ ಅನಿಸುತ್ತದೆ, ಅದು ತಂಪಿನ ಅನುಭವ ಅಷ್ಟೇ, ದಾರಿ ಅಗಲವಾಗುವುದಿಲ್ಲ. ಮಕ್ಕಳನ್ನು ಬಿಸಿನೀರಿನ ಪಾತ್ರೆ ಮೇಲೆ ಬಗ್ಗಿಸಿ ಹಬೆ ಕೊಡಬೇಡಿ, ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯವೇ ಜಾಸ್ತಿ.

ದಿನಕ್ಕೆ ಹತ್ತು ನಿಮಿಷ

ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಟೀಚರುಗಳು, ಕಾರ್ಯಕ್ರಮ ನಿರೂಪಣೆ ಮಾಡುವವರು, ಯಾರೇ ಆಗಲಿ, ಇಷ್ಟು ಮಾಡಿದರೆ ಸಾಕು. ತುಟಿ ಮುಚ್ಚಿ, ಹಲ್ಲು ಕಚ್ಚದೆ, ಸಣ್ಣ ಸ್ವರದಲ್ಲಿ "ಮ್" ಎಂದು ಗುಂಯ್‌ಗುಡಿ. ತುಟಿ, ಮೂಗಿನ ಬುಡ ಜುಮ್ ಅನ್ನಬೇಕು, ಗಂಟಲಲ್ಲಿ ಬಿಗಿ ಇರಬಾರದು. ಹೀಗೆ ಗುಂಯ್‌ಗುಡುವಾಗ ಮೂಗಿನ ಅಕ್ಕಪಕ್ಕದ ಸೈನಸ್ಸುಗಳಿಂದ, ಅಂದರೆ ಮೂಳೆಯೊಳಗಿನ ಗಾಳಿಯ ಪೊಳ್ಳುಗಳಿಂದ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮ್ನೆ ಉಸಿರು ಬಿಡುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹೊರಬರುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ಅದರಿಂದ ಸೈನಸ್ ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಆಮೇಲೆ ಮ್‌ಬಾ, ನ್‌ದಾ, ಙ್‌ಗಾ ಎಂದು ಬಾಗಿಲು ತೆರೆದು ಮುಚ್ಚುವ ಅಭ್ಯಾಸ. ಆಮೇಲೆ ಎರಡು ಊರ ಪಟ್ಟಿ, ಕೊನೆಗೆ ಅವತ್ತಿನ ಪೇಪರಿನ ಒಂದು ಸುದ್ದಿ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಸ್ವರ ಒಡೆದ ದಿನ ಪಿಸುಮಾತಿನಲ್ಲಿ ಹೊತ್ತು ಕಳೆಯಬೇಡಿ, ಅದು ವಿಶ್ರಾಂತಿ ಅಲ್ಲ. ಸುಮ್ಮನಿರಿ.

ಯಾವಾಗ ತೋರಿಸಬೇಕು

ಸ್ವರ ಮೂರು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ, ಮೂಗಿನಿಂದ ಪದೇ ಪದೇ ರಕ್ತ ಬಂದರೆ, ಮೊದಲ ಪಟ್ಟಿ ಸೋರಿದರೆ ಕಾಯಬೇಡಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಜಿಲ್ಲಾಸ್ಪತ್ರೆ ಇದೆ. ಎರಡೂ ಕಡೆ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಮಾತಿನ ತೊಂದರೆಗೇ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಸೀಳುತುಟಿ, ಸೀಳು ಅಂಗುಳದ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ, ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ.

ಮಗುವಿನ ಮಾತು ತೋರಿಸಲು ಹೋದವರು ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ಕೊಳವೆ ಹೋಗುತ್ತದೆ, ಅಡಿನಾಯ್ಡ್ ಊದಿದಾಗ ಅದು ಮುಚ್ಚಿ ಕಿವಿಯೊಳಗೆ ನೀರು ತುಂಬುವುದುಂಟು. ನೋವಿಲ್ಲದ ಕಾರಣ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಟಿವಿ ಜೋರು ಮಾಡುತ್ತಾನೆ, ಕರೆದರೆ ತಿರುಗುವುದಿಲ್ಲ, ಪ್ರತಿ ಮಾತಿಗೂ "ಆಂ?" ಅನ್ನುತ್ತಾನೆ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.